ತೋಟ, ಮಗು ಮತ್ತು 21 ದಿನದ ಲೆಕ್ಕ

ಕಳಸದಿಂದ ಹೊರನಾಡಿನ ಕಡೆಗೆ, ಭದ್ರಾ ಹೊಳೆಯ ಆಚೆ ಬದಿಯಲ್ಲಿ ನಮ್ಮದು ಮೂರು ಎಕ್ರೆ ತೋಟ. ಒಂದು ಎಕ್ರೆ ಅಡಿಕೆ, ಒಂದೂವರೆ ಎಕ್ರೆ ರೊಬಸ್ಟಾ, ಮೇಲಿನ ತುದಿಯಲ್ಲಿ ಅರ್ಧ ಎಕ್ರೆ ಅರೇಬಿಕಾ. ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ಮನೆಯಲ್ಲಿ ಅತ್ತೆ, ನಮ್ಮನೆಯವರು, ನಾನು, ಮಗಳು. 2024ರ ಮಳೆಗಾಲದಲ್ಲಿ ನಮ್ಮನೆಯವರಿಗೆ ಕೀಮೋಥೆರಪಿ ನಡೆಯಿತು. ಮಗಳಿಗೆ ಆಗ ನಾಲ್ಕೂವರೆ ವರ್ಷ.

ಕೊಳೆರೋಗಕ್ಕೆ ಏನು ಮಾಡಬೇಕು, ಎಲೆಚುಕ್ಕೆಗೆ ಏನು ಮಾಡಬೇಕು ಅಂತ ಓದಲು ಬೇಕಾದಷ್ಟು ಸಿಗುತ್ತದೆ. ತೋಟ ನೋಡುವ ಮನುಷ್ಯನೇ ಮಲಗಿದರೆ ತೋಟವನ್ನೂ ಸಣ್ಣ ಮಗುವನ್ನೂ ಹೇಗೆ ಸುಧಾರಿಸುವುದು ಅಂತ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾವು ಮಾಡಿದ್ದೆಲ್ಲ ಸರಿ ಅಂತ ಅಲ್ಲ. ದೊಡ್ಡ ತಪ್ಪು ಮಗುವಿನ ವಿಷಯದಲ್ಲೇ ಆಯಿತು.

ಶುರುವಾದದ್ದು ಕುತ್ತಿಗೆಯ ಪಕ್ಕದ ಒಂದು ಗಂಟಿನಿಂದ. ನೋವಿಲ್ಲ, ಹಾಗಾಗಿ ಮೆಣಸು ಕೊಯ್ಲು ಮುಗಿಯಲಿ ಅಂತ ಇವರು ಬಿಟ್ಟರು. ಆಮೇಲೆ ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಪಂಚೆ ಸೊಂಟದಲ್ಲಿ ನಿಲ್ಲದ ಹಾಗೆ ಇಳಿದುಹೋದರು. ಒಂದು ಕಡೆ ತಿಂಗಳು ಕಾಲ ಜ್ವರದ ಗುಳಿಗೆ ನುಂಗಿಸಿದರು. ಕಡೆಗೆ ಮಣಿಪಾಲಕ್ಕೆ ಹೋಗಿ ಗಂಟಿನ ಚೂರು ತೆಗೆಸಿ ಪರೀಕ್ಷೆ ಮಾಡಿಸಿದಾಗ ಲಿಂಫೋಮಾ ಅಂದರು. ದುಗ್ಧಗ್ರಂಥಿಗಳ ಕ್ಯಾನ್ಸರ್. ಆರು ಸಲ ಕೀಮೋ, 21 ದಿನಕ್ಕೊಂದು. ವಾಸಿಯಾಗುವ ಜಾತಿಯದ್ದು, ಆದರೆ ಖಾತ್ರಿ ಹೇಳುವುದಿಲ್ಲ ಅಂದರು ಡಾಕ್ಟರು. ಜೂನ್ 5ಕ್ಕೆ ಮೊದಲನೆಯದು.

ಬೋರರ್ ಗಿಡದ ಮಾತು

ಮೊದಲು ನಾವು ಮಗಳಿಗೆ ಏನೂ ಹೇಳಲಿಲ್ಲ. "ಅಪ್ಪ ಅಡಿಕೆ ಮಾರಲಿಕ್ಕೆ ಘಟ್ಟದ ಕೆಳಗೆ ಹೋಗಿದ್ದಾರೆ" ಅಂತ ಅತ್ತೆ, ಅದನ್ನೇ ನಾನೂ. ಆದರೆ ಮನೆಯಲ್ಲಿ ಫೋನು ಬಂದರೆ ನಾವು ಹೊರಗೆ ಹೋಗಿ ಮಾತಾಡುತ್ತಿದ್ದೆವು, ನೆಂಟರು ಬಂದು ಅಳುತ್ತಿದ್ದರು. ಮಗು ಎಲ್ಲ ನೋಡುತ್ತದೆ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದಳು. ಎರಡು ವರ್ಷದಿಂದ ಇಲ್ಲದ್ದು.

ನಿಜ ಹೇಳಿಬಿಡೋಣ ಅಂತ ಇವರೇ ಅಂದರು. ಹೇಗೆ ಹೇಳುವುದು? ನನಗೆ ಹೊಳೆದದ್ದು ತೋಟದ ಮಾತು. ಒಂದು ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದೆ: "ಅರೇಬಿಕಾ ಗಿಡಕ್ಕೆ ಬೋರರ್ ಹುಳ ಸೇರ್ತದಲ್ಲ, ಹೊರಗಡೆಯಿಂದ ಕಾಣಲ್ಲ, ಒಳಗೇ ಕೊರೀತದೆ. ಅಪ್ಪನ ಮೈಯೊಳಗೂ ಹಾಗೇ ಒಂದು ಕಾಯಿಲೆ ಸೇರಿದೆ."

ಚೆನ್ನಾಗಿ ಹೇಳಿದೆ ಅಂದುಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದ್ರೆ ಅಪ್ಪನ್ನೂ ಕಿತ್ತು ಸುಡ್ತಾರಾ?"

ಕಾಫಿಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳಬೇಕೆಂದರೆ, ಬಿಳಿ ಕಾಂಡಕೊರಕ ಸೇರಿದ ಅರೇಬಿಕಾ ಗಿಡಕ್ಕೆ ಮದ್ದಿಲ್ಲ. ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿ ಎಲೆ ಕಂಡರೆ ಬುಡಸಮೇತ ಕಿತ್ತು ಸುಡುವುದೇ ದಾರಿ. ಇಲ್ಲದಿದ್ದರೆ ದುಂಬಿ ಹೊರಬಂದು ಪಕ್ಕದ ಗಿಡ ಹಿಡಿಯುತ್ತದೆ. ಹಿಂದಿನ ವರ್ಷ ಅಪ್ಪನ ಹೆಗಲ ಮೇಲೆ ಕೂತು ಅವಳು ಅದನ್ನೆಲ್ಲ ನೋಡಿದ್ದಳು. ನಾನು ಮಾತ್ರ ಅದನ್ನು ಯೋಚಿಸಿರಲಿಲ್ಲ. ಇಲ್ಲ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಆ ರಾತ್ರಿ ಅವಳು ಅಪ್ಪನ ಬೆನ್ನಿಗೆ ಕೈಯಿಟ್ಟು ಗೆರೆ ಹುಡುಕುತ್ತಿದ್ದಳು.

ಅದನ್ನು ಸರಿಮಾಡಿದ್ದು ಬೋರ್ಡೋ. ಜೂನ್ ಮೂರನೇ ವಾರ ಅಡಿಕೆಗೆ ಮೊದಲ ಸಲದ ಔಷಧಿ ಹೊಡೆಯಬೇಕಿತ್ತು. ಪ್ರತಿ ವರ್ಷ ದ್ರಾವಣ ಕಲಸುವವರು ಇವರೇ. ಈ ಸಲ ಇವರು ದೂರ ಜಗಲಿಯಲ್ಲಿ ಕೂತು ಹೇಳಿದರು, ನಾನು ಅಂಗಳದಲ್ಲಿ ಕಲಸಿದೆ. ಒಂದು ಕೆ.ಜಿ. ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿಗೆ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಹೊಯ್ಯುವುದು. ಆಮೇಲೆ ಕತ್ತಿ ಅದ್ದಿ ನೋಡುವುದು. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಮೈಲುತುತ್ತು ಹೆಚ್ಚಾಯಿತು ಅಂತ ಲೆಕ್ಕ, ಇನ್ನೂ ಸುಣ್ಣ ಬೇಕು. ಹಾಗೇ ಹೊಡೆದರೆ ಕೊಳೆ ಸಾಯುವುದರ ಜೊತೆಗೆ ಹಿಂಗಾರವೂ ಸುಡುತ್ತದೆ. ಮೊದಲ ಸಲ ನನ್ನ ಕತ್ತಿ ಕೆಂಪಾಯಿತು. ಸುಣ್ಣದ ತಿಳಿ ಸೇರಿಸಿ ಇನ್ನೊಮ್ಮೆ ನೋಡಿದೆ, ಸರಿಯಾಯಿತು.

ಮಗಳು ಅಪ್ಪನ ಪಕ್ಕ ಕೂತು ನೋಡುತ್ತಿದ್ದಳು. ಇವರು ಅವಳಿಗೆ ಹೇಳಿದರು: "ನನಗೆ ಮಣಿಪಾಲದಲ್ಲಿ ಹಾಕೋದೂ ಇಂಥದ್ದೇ ಔಷಧಿ ಪುಟ್ಟಿ. ಕಮ್ಮಿ ಆದ್ರೆ ಕಾಯಿಲೆ ಹೋಗಲ್ಲ, ಜಾಸ್ತಿ ಆದ್ರೆ ಅಪ್ಪನೇ ಸುಟ್ಟುಹೋಗ್ತಾನೆ. ಅದಕ್ಕೇ ಪ್ರತಿ ಸಲ ರಕ್ತ ತೆಗೆದು ನೋಡ್ತಾರೆ, ಅಮ್ಮ ಕತ್ತಿ ಅದ್ದಿ ನೋಡಿದ ಹಾಗೆ." ಹೋಲಿಕೆ ಪೂರ್ತಿ ಸರಿಯಿಲ್ಲ. ಬೋರ್ಡೋ ಕೊಳೆ ಬರುವ ಮೊದಲು ಹೊಡೆಯುವುದು, ಇದು ಬಂದ ಮೇಲೆ. ಆದರೆ ಮಗುವಿಗೆ ಅದು ಸಾಕಾಯಿತು. ಹಾಸಿಗೆ ಒದ್ದೆ ಮಾಡುವುದು ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ, ಇನ್ನೂ ತಿಂಗಳು ಹಿಡಿಯಿತು.

ಕೂದಲು ಉದುರುವುದನ್ನೂ ಮೊದಲೇ ಹೇಳಿಟ್ಟೆವು. ಎರಡೂವರೆ ವಾರಕ್ಕೆ ದಿಂಬಿನ ಮೇಲೆ ಕೂದಲು ಕಾಣಿಸಿತು, ಇವರು ಪೇಟೆಗೆ ಹೋಗಿ ತಲೆ ಬೋಳಿಸಿಕೊಂಡು ಬಂದರು. ಮಳೆಗಾಲದಲ್ಲಿ ಬೋಳುತಲೆಗೆ ಚಳಿ ಎಷ್ಟೆಂದು ಇವರನ್ನೇ ಕೇಳಬೇಕು. ಉಣ್ಣೆ ಟೋಪಿ ಇತ್ತು. ಮಗಳಿಗೆ ಮಾತ್ರ ಹಾಳೆ ಟೋಪಿಯೇ ಇಷ್ಟ. ಎರಡನ್ನೂ ಒಂದರ ಮೇಲೊಂದು ಹಾಕಿಕೊಂಡು ಕೂರುತ್ತಿದ್ದರು.

21 ದಿನ ಹೇಗೆ ಹಂಚಿದೆವು

ಎರಡನೇ ಸಲ ಆಗುವ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. 21 ದಿನವೂ ಒಂದೇ ತರಹ ಇರುವುದಿಲ್ಲ. ಮೊದಲ ಐದು ದಿನ ಪ್ರೆಡ್ನಿಸೊಲೋನ್ ಗುಳಿಗೆ ಇರುತ್ತದೆ. ಆಗ ವಿಪರೀತ ಹಸಿವು, ರಾತ್ರಿ ನಿದ್ದೆಯಿಲ್ಲ. ಎರಡು ಗಂಟೆ ರಾತ್ರಿಗೆ ಎದ್ದು ಅಕ್ಕಿರೊಟ್ಟಿ ಕೇಳಿದ್ದಿದೆ. ಗುಳಿಗೆ ನಿಂತ ಕೂಡಲೇ ಮನುಷ್ಯ ಕುಸಿಯುತ್ತಾನೆ, ಏಳಲಿಕ್ಕಾಗುವುದಿಲ್ಲ, ಸಿಟ್ಟು. ಏಳನೇ ದಿನದಿಂದ ಹದಿನಾಲ್ಕರವರೆಗೆ ರಕ್ತದ ಬಿಳಿಕಣ ತೀರಾ ಇಳಿದಿರುತ್ತದೆ, ಅದು ಅಪಾಯದ ವಾರ. ಹದಿನೈದರಿಂದ ಇಪ್ಪತ್ತೊಂದು ಒಳ್ಳೆಯ ದಿನಗಳು.

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಇದನ್ನೇ ಗುರುತು ಹಾಕಿದೆವು. ಆಳು ಸೇರಿಸುವ ಕೆಲಸ, ಗೊಬ್ಬರ ಹಾಕುವುದು, ಸೊಸೈಟಿ ವ್ಯವಹಾರ, ಲೆಕ್ಕಪತ್ರ ಎಲ್ಲ ಕೊನೆಯ ವಾರಕ್ಕೆ. ಆಗ ಇವರು ಜಗಲಿಯಿಂದಾದರೂ ಹೇಳಬಲ್ಲರು. ಅಪಾಯದ ವಾರ ಅಂಗಳಕ್ಕೆ ಯಾರನ್ನೂ ಕರೆಯುತ್ತಿರಲಿಲ್ಲ. ಕಾಫಿಗೆ ಚಿಗುರು ತೆಗೆಯುವುದು, ಕಳೆ ಹೊಡೆಯುವುದು ಯಾವಾಗ ಬೇಕಾದರೂ ಆದೀತು. ಔಷಧಿ ಹೊಡೆಯುವುದು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೆ ಮಳೆ ಬಿಡುವು ಕೊಡಬೇಕು, ಕೊನೆಗಾರ ಸಿಗಬೇಕು. ಎರಡನೇ ಸಲದ್ದು ತಡವಾಗಿ ಕೆಳಗಿನ ಸಾಲಿನಲ್ಲಿ ಕೊಳೆ ಬಂತು. ನಾಲ್ಕನೇ ಒಂದು ಭಾಗ ಫಸಲು ಹೋಯಿತು ಅಂತ ನನ್ನ ಅಂದಾಜು. ಅಕ್ಕಪಕ್ಕದವರು ಮುಯ್ಯಾಳು ಬಂದರು. ತೀರಿಸುವುದು ಯಾವಾಗ ಅಂತ ಕೇಳಿದರೆ "ನೋಡೋಣ ಮಾರಾಯ್ತಿ" ಅಂದವರು ಇವತ್ತಿಗೂ ಲೆಕ್ಕ ಹೇಳಿಲ್ಲ.

ಮನೆಯೊಳಗಿನ ಬದಲಾವಣೆ ಸಣ್ಣಸಣ್ಣವು. ನಮ್ಮದು ಗುಡ್ಡದ ಅಬ್ಬಿ ನೀರು. ತಲೆತಲಾಂತರದಿಂದ ಹಾಗೇ ಕುಡಿದವರು, ಈಗ ಕುದಿಸಿ ಆರಿಸಿ ಕುಡಿಯಲು ಶುರು ಮಾಡಿದೆವು. ಹಸಿ ಚಟ್ನಿ, ಕೋಸಂಬರಿ ಬೇಡ. ಕಳಲೆ, ಪತ್ರೊಡೆ ಚೆನ್ನಾಗಿ ಬೇಯಿಸಿದ್ದರೆ ಆಗಬಹುದು ಅಂದರು, ಇವರಿಗೆ ಅಷ್ಟೇ ಬೇಕಾಗಿತ್ತು. ಕೊಟ್ಟಿಗೆ, ಗೊಬ್ಬರಗುಂಡಿ ಕಡೆ ಹೋಗಬಾರದು. ತೋಟಕ್ಕೂ ಬೇಡ, ಇಂಬಳ ಕಚ್ಚಿದರೆ ರಕ್ತ ನಿಲ್ಲುವುದಿಲ್ಲ. ಕೀಮೋ ಆದ ಎರಡು ದಿನ ಮೂತ್ರ, ವಾಂತಿ, ಬೆವರಿನಲ್ಲೂ ಔಷಧಿ ಇರುತ್ತದಂತೆ. ಆ ಬಟ್ಟೆಗಳನ್ನು ರಬ್ಬರ್ ಕೈಚೀಲ ಹಾಕಿ ಬೇರೆಯಾಗಿ ಒಗೆಯುತ್ತಿದ್ದೆ. ಮೂತ್ರ ಕೆಂಪಗೆ ಹೋದಾಗ ಅತ್ತೆ ರಕ್ತ ಅಂತ ಹೆದರಿದರು. ರಕ್ತ ಅಲ್ಲ, ಡಾಕ್ಸೊರುಬಿಸಿನ್ ಅನ್ನುವ ಔಷಧಿಯ ಬಣ್ಣವೇ ಕೆಂಪು. ಮೊದಲೇ ಹೇಳಿದ್ದರೆ ಒಂದು ರಾತ್ರಿಯ ಸಂಕಟ ತಪ್ಪುತ್ತಿತ್ತು.

ಜ್ವರದ ರಾತ್ರಿ

ಮೂರನೇ ಸಲ ಜುಲೈ 17ಕ್ಕೆ ಆಯಿತು. ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಇವರಿಗೆ ನಡುಕ ಬಂತು. ಮಳೆ ಹೇಳತೀರದಷ್ಟು. ಕರೆಂಟು ಹೋಗಿ ಮೂರು ದಿನ, ಫೋನಿಗೆ ಸಿಗ್ನಲ್ ಇಲ್ಲ. ಥರ್ಮಾಮೀಟರು ಇಟ್ಟೆ, ಬ್ಯಾಟರಿ ಬೆಳಕಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಯಾವಾಗ ಎದ್ದಳೋ, ಮಗಳು ಪಕ್ಕದಲ್ಲಿ ನಿಂತು ಓದಿದಳು: "ಒಂದು, ಸೊನ್ನೆ, ಒಂದು." 101.

100.4 ದಾಟಿದರೆ ಬೆಳಗಿನವರೆಗೆ ಕಾಯಬೇಡಿ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ, ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಕೂಡಲೇ ಹೋಗಿ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಯಾವ ಕೀಮೋ, ಎಷ್ಟನೇ ದಿನ, ಜ್ವರ ಬಂದರೆ ಮೊದಲು ಯಾವ ಆಂಟಿಬಯೋಟಿಕ್ ಕೊಡಬೇಕು ಅಂತ ಒಂದು ಚೀಟಿಯನ್ನೂ ಬರೆಸಿಕೊಂಡಿದ್ದೆವು. ಬಿಳಿಕಣ ಇಲ್ಲದವರಿಗೆ ಜ್ವರ ಬಂದರೆ ಗಂಟೆಗಳ ಲೆಕ್ಕ. ಮನೆಯಲ್ಲಿ ಇಂಥ ರೋಗಿ ಇದ್ದವರು ಇದೊಂದನ್ನು ಮರೆಯಬೇಡಿ, ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ.

ನಾನು ಪಕ್ಕದ ಮನೆಯವರನ್ನು ಎಬ್ಬಿಸಲು ಓಡಿದೆ. ತಿರುಗಿ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆ ಚೀಟಿ, ಫೈಲು, ಅಪ್ಪನ ಟೋಪಿ ಎಲ್ಲ ಮಗಳ ಕೈಯಲ್ಲಿತ್ತು. ಯಾರೂ ಹೇಳಿರಲಿಲ್ಲ.

ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅವತ್ತೂ ನೀರು ಮೇಲೆ ಹರಿಯುತ್ತಿತ್ತು. ಜೀಪಿನಲ್ಲಿ ಸುತ್ತುದಾರಿ ಹಿಡಿದು, ಬಿದ್ದ ಮರವೊಂದನ್ನು ಕಡಿದು ಸರಿಸಿ, ಕಳಸದ ಸರ್ಕಾರಿ ಆಸ್ಪತ್ರೆ ಮುಟ್ಟುವಾಗ ಎರಡು ಗಂಟೆ. ಚೀಟಿ ನೋಡಿ ಕೂಡಲೇ ಇಂಜೆಕ್ಷನ್ ಕೊಟ್ಟರು. ಬೆಳಕು ಹರಿದ ಮೇಲೆ ಆಂಬುಲೆನ್ಸಿನಲ್ಲಿ ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲ. ಆರು ದಿನ ಅಲ್ಲಿದ್ದೆವು.

ಆ ಆರೂ ದಿನ ಅತ್ತೆ ಮಗುವಿಗೆ "ಅಪ್ಪ ನಾಳೆ ಬರ್ತಾನೆ" ಅಂದರು. ನಾಲ್ಕನೇ ದಿನ ಫೋನಿನಲ್ಲಿ ಮಗಳು "ಅಜ್ಜಿ ಸುಳ್ಳು ಹೇಳ್ತದೆ, ನೀನು ಹೇಳು" ಅಂದಳು. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ, ಗೊತ್ತಾದ ದಿನ ಹೇಳ್ತೇನೆ ಅಂದೆ. ಸರಿ ಅಂತ ಫೋನು ಇಟ್ಟಳು. ಅತ್ತೆಗೆ ನನ್ನ ಮೇಲೆ ಬೇಜಾರು. ಸಣ್ಣ ಮಗುವಿನ ಹತ್ತಿರ ಅಂಥದ್ದೆಲ್ಲ ಹೇಳಬಾರದು ಅಂತ ಅವರ ಅಭಿಪ್ರಾಯ, ಈಗಲೂ ಅದೇ.

ನಾಲ್ಕನೇ ಸಲ ಆಗಸ್ಟ್ 7ಕ್ಕೆ ಹೋದರೆ ರಕ್ತಕಣ ಸಾಲದು ಅಂತ ಒಂದು ವಾರ ಮುಂದೂಡಿ ವಾಪಸು ಕಳಿಸಿದರು. ನೂರು ಕಿ.ಮೀ. ಮೇಲಿನ ದಾರಿ, ಕಾರಿನ ಬಾಡಿಗೆ, ಎಲ್ಲ ದಂಡ. ಮನೆಗೆ ಬಂದಾಗ ಇವರ ಮುಖ ನೋಡಿ ಮಗಳು ಕೇಳಿದಳು: "ಕತ್ತಿ ಕೆಂಪಾಯ್ತಾ ಅಪ್ಪ?" ಇವರು ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಮಗಳನ್ನು ಕಳಿಸಿದ್ದು

ಆಗಸ್ಟ್ ಕೊನೆಗೆ ಅಂಗನವಾಡಿಯಲ್ಲಿ ಎರಡು ಮಕ್ಕಳಿಗೆ ಸೀತಾಳೆ ಸಿಡುಬು ಬಂತು. ಅಮ್ಮ ಅಂತೇವಲ್ಲ, ಅದು. ನಮಗೆ ನಿಮಗೆ ಒಂದು ವಾರದ ತುರಿಕೆ, ಕೀಮೋದವರಿಗೆ ಪ್ರಾಣಕ್ಕೇ ಬರಬಹುದು. ಸೋಂಕು ತಗಲಿದ್ದರೆ ಕಾಣಿಸಿಕೊಳ್ಳಲು ಮೂರು ವಾರದವರೆಗೂ ಹಿಡಿಯುತ್ತದೆ, ಅಲ್ಲಿಯವರೆಗೆ ದೂರ ಇರಿಸಿ ಅಂದರು ಡಾಕ್ಟರು. ಈ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ, ನಾವು ಹಾಕಿಸಿರಲೂ ಇಲ್ಲ. ಮೂಡಿಗೆರೆ ಹತ್ತಿರದ ನನ್ನ ತವರಿಗೆ ಅವಳನ್ನು ಕಳಿಸಿದೆವು. ಗೌರಿ ಗಣೇಶ ಹಬ್ಬವೂ ಅದರ ನಡುವೆಯೇ ಕಳೆಯಿತು.

ಕಾರಣ ಹೇಳಿದ್ದೆವು. ಆದರೂ ತನ್ನಿಂದ ಅಪ್ಪನಿಗೆ ಕಾಯಿಲೆ ಬರುತ್ತದೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತು. ಮೂರು ವಾರ ಬಿಟ್ಟು ಬಂದವಳು ಇವರ ಹತ್ತಿರ ಹೋಗದೆ ಬಾಗಿಲ ಬಳಿಯೇ ನಿಂತಳು. ನಿಜ ಹೇಳಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನು ತಿಳಿದಿದ್ದೆ, ಹಾಗೇನೂ ಇಲ್ಲ.

ಅವಳನ್ನು ಹತ್ತಿರ ತಂದದ್ದು ಅಂಗಿಯ ಗುಂಡಿ. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿಯಿಂದ ಇವರ ಬೆರಳ ತುದಿ ಜೋಮು ಹಿಡಿದಿತ್ತು. ಮೆಣಸಿನ ಬಳ್ಳಿ ಕಟ್ಟುವ ಕೈ, ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಒದ್ದಾಡುವುದು ನೋಡಿ ಅವಳೇ ಹೋಗಿ ಹಾಕಿಕೊಟ್ಟಳು, ಕೆಳಗಿನಿಂದ ಮೇಲಕ್ಕೆ, ಒಂದೊಂದೇ. ಅವತ್ತಿನಿಂದ ಅದು ಅವಳ ಕೆಲಸ.

ಈ ವಿನ್‌ಕ್ರಿಸ್ಟಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಬರುವುದು ನಿತ್ಯಪುಷ್ಪ ಗಿಡದಿಂದ. ನಮ್ಮ ತುಳಸಿಕಟ್ಟೆಯ ಸುತ್ತ ತಾನಾಗಿ ಹುಟ್ಟುವ ಅದೇ ನೇರಳೆ ಹೂವಿನ ಗಿಡ. ಇದು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮರುದಿನ ಕಷಾಯಕ್ಕೆ ಸೊಪ್ಪು ಕೊಯ್ದಾಗಿತ್ತು! ಡಾಕ್ಟರು ಕೈಮುಗಿದು ಬೇಡ ಅಂದರು. ರಾಶಿಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ಸಿಗುವ ವಿಷ ಅದು. ಮೈತೂಕ, ಎತ್ತರ ಲೆಕ್ಕ ಹಾಕಿ ಒಂದೆರಡು ಮಿಲಿಗ್ರಾಮ್ ರಕ್ತನಾಳಕ್ಕೇ ಕೊಡುತ್ತಾರೆ. ಒಲೆಯ ಮೇಲಿನ ಪಾತ್ರೆಗೆ ಆ ಲೆಕ್ಕ ಎಲ್ಲಿಂದ ಬರಬೇಕು? ಲಕ್ಷ್ಮಣಫಲವಂತೂ ಬುಟ್ಟಿಗಟ್ಟಲೆ ತಂದುಕೊಟ್ಟರು. ಹಣ್ಣು ತೊಳೆದು ತಿಂದೆವು, ಎಲೆಯ ಕಷಾಯ ಚೆಲ್ಲಿದೆವು. ತಂದವರ ಪ್ರೀತಿ ದೊಡ್ಡದು, ಬೇಡ ಅನ್ನುವುದು ಕಷ್ಟ. "ಡಾಕ್ಟರು ಬೈತಾರೆ" ಅಂತ ನಾನು ಡಾಕ್ಟರ ಮೇಲೆ ಹಾಕುತ್ತಿದ್ದೆ.

ಖರ್ಚಿನ ವಿಷಯ ಕೇಳುವವರು ಬಹಳ. ನಮ್ಮದು ಎಪಿಎಲ್ ಕಾರ್ಡು. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥವರಿಗೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದ ಮಿತಿಯೊಳಗೆ. ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ಗೊತ್ತಿಲ್ಲದೆ ಹೋಗಿ ಎರಡು ಓಡಾಟ ದಂಡ ಮಾಡಿಕೊಂಡೆವು. ರಿಟುಕ್ಸಿಮ್ಯಾಬ್ ಅನ್ನುವುದು ದುಬಾರಿ. 2007ರಿಂದ ನಮ್ಮ ದೇಶದಲ್ಲೇ ತಯಾರಾಗುವುದರಿಂದ ಇಷ್ಟಾದರೂ ಕೈಗೆಟುಕಿತು. ಮಾಳಿಗೆಯಲ್ಲಿ ಎರಡು ವರ್ಷದ ಮೆಣಸು ಇಟ್ಟಿದ್ದೆವು, ಅದೇ ನಮ್ಮ ಬ್ಯಾಂಕು. ಎಲ್ಲ ಮಾರಿದೆವು, ಸೊಸೈಟಿ ಸಾಲವೂ ಆಯಿತು. ಔಷಧಿಗಿಂತ ಓಡಾಟವೇ ಭಾರ ಅನಿಸಿದ್ದಿದೆ. ಸಹಕಾರ ಸಾರಿಗೆ ಬಸ್ಸು 2020ರಲ್ಲಿ ನಿಂತ ಮೇಲೆ ನಮ್ಮ ಕಡೆ ಬಸ್ಸಿನ ಪಾಡು ಕೇಳಬೇಡಿ. 2025ರಲ್ಲಿ ಸರ್ಕಾರ 16 ಜಿಲ್ಲೆಗಳಲ್ಲಿ ಹಗಲು ಹೊತ್ತಿನ ಕೀಮೋ ಕೇಂದ್ರ ಶುರು ಮಾಡಿದೆ. ಮುಂದೆ ಹೋಗುವವರು ವಿಚಾರಿಸಿ ನೋಡಿ, ಮೊದಲ ಸಲದ್ದು ದೊಡ್ಡ ಆಸ್ಪತ್ರೆಯಲ್ಲಿ ಆದರೂ ಉಳಿದದ್ದಕ್ಕೆ ಹತ್ತಿರದಲ್ಲಿ ಅನುಕೂಲ ಆದೀತು.

ಆರನೆಯದು ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಸ್ಕ್ಯಾನಿನಲ್ಲಿ ಗಂಟು ಕಾಣಿಸಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು ಅಂದರು. ಪ್ರತಿ ಸಲ ಹೋಗುವ ಹಿಂದಿನ ರಾತ್ರಿ ನಮಗಿಬ್ಬರಿಗೂ ನಿದ್ದೆ ಇಲ್ಲ. ಆ ವರ್ಷ ಕಾಫಿಗೆ ಒಳ್ಳೆಯ ರೇಟು ಬಂದು ಸೊಸೈಟಿಯ ಅರ್ಧ ಸಾಲ ತೀರಿತು. ಎಡಗೈ ಎರಡು ಬೆರಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ.

ನವೆಂಬರಿನಲ್ಲಿ ಇವರು ನಿಧಾನಕ್ಕೆ ಮೇಲಿನ ಅರೇಬಿಕಾ ಕಡೆಗೆ ಹೋದರು, ಬೋರರ್ ನೋಡಲು. ಮಗಳೂ ಹಠ ಮಾಡಿ ಹೋದಳು, ಹಿಂದೆ ನಾನು. ಎರಡು ಗಿಡ ಸಿಕ್ಕವು. ಇವರಿಗೆ ಕೀಳುವ ಶಕ್ತಿ ಇರಲಿಲ್ಲ, ನಾನೇ ಅಗೆದು ಕಿತ್ತೆ. ಅವಳು ದೂರ ನಿಂತು ನೋಡುತ್ತಿದ್ದಳು.

"ಇದಕ್ಕೆ ಔಷಧಿ ಇಲ್ವಾ ಅಪ್ಪ?"

"ಇದಕ್ಕೆ ಇನ್ನೂ ಸಿಕ್ಕಿಲ್ಲ ಪುಟ್ಟಿ."

ಸ್ವಲ್ಪ ಹೊತ್ತು ಯೋಚಿಸಿ, ಒಂದು ಸಣ್ಣ ಕೊಂಬೆ ಎಳೆದುಕೊಂಡು ಬಂದು ಬೆಂಕಿಗೆ ಹಾಕಿದಳು. ಆ ಎರಡು ಗುಂಡಿಗೆ 2025ರ ಮಳೆಗಾಲದಲ್ಲಿ ರೊಬಸ್ಟಾ ಸಸಿ ನೆಟ್ಟಿದ್ದೇವೆ. ಅದಕ್ಕೆ ಬೋರರ್ ಕಾಟ ಇಲ್ಲ.